ಹೊಳೆಯ ದಂಡೆಯ ನಡಿಗೆ ಮತ್ತು ಓಟ

‘ಜಗತ್’, ‘ಜಂಗಮ’ ಎಂಬ ಎರಡು ಶಬ್ದಗಳೂ ‘ಗಮ್’ ಎಂಬ ಒಂದೇ ಧಾತುವಿನಿಂದ ಹುಟ್ಟಿದವು. ಚಲಿಸುವುದೆಂಬುದೇ ಅವುಗಳ ಮೂಲಾರ್ಥ. ನದಿಗಿರುವ ‘ಸರಿತ್’ ಎಂಬ ಹೆಸರೂ ‘ಸೃ’ ಎಂಬ ಚಲನಾರ್ಥಕ ಧಾತುವಿನಿಂದಲೇ ಬಂದುದು. ಚಲಿಸುವ ಮನುಷ್ಯನೂ ಹರಿಯುವ ನೀರೂ ಪರಸ್ಪರ ಸಂಧಿಸುವ ಸ್ಥಳವೇ ನದೀತೀರ. ಊರಿಂದೂರಿಗೆ ಸಂಚರಿಸಿ ಜನರಿಗೆ ತಿಳಿವಳಿಕೆ ನೀಡುವುದನ್ನು ಚರಜಂಗಮರ ಧರ್ಮವೆಂದು ಗೌರವಿಸಿದ ಪರಂಪರೆಯಲ್ಲಿ ನಡಿಗೆಗೆ ಹಿರಿದಾದ ಸ್ಥಾನವಿದೆ. ಆದರೆ ಇಂದು ಶಾಲೆಗೆ ಬಸ್ಸು, ಅಂಗಡಿಗೆ ದ್ವಿಚಕ್ರವಾಹನ, ಬಿಡುವಿನ ವೇಳೆಗೆ ಕೈಯಲ್ಲೊಂದು ಮೊಬೈಲು ಎಂಬಂತಾಗಿ ಪಟ್ಟಣವಾಸಿಯ ದೇಹವು ದಿನದಿನಕ್ಕೆ ಸ್ಥಾವರವಾಗುತ್ತಿದೆ. ಅದನ್ನು ಮತ್ತೆ ಜಂಗಮಗೊಳಿಸುವ ಸುಲಭಸಾಧನವೊಂದು ಊರಿನ ಅಂಚಿನಲ್ಲಿಯೇ ಇರುವುದನ್ನು ತೋರಿಸುವುದು ಈ ಲೇಖನದ ಉದ್ದೇಶ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಕೂಡಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯಾಗಿವೆ. ಇದು ಬಂಡೆಗಳ ಸೀಮೆ, ಬಯಲುಸೀಮೆ. ಆದರೂ ಇಲ್ಲಿ ನದಿಗಳಿಲ್ಲವೆಂದು ಹೇಳುವಂತಿಲ್ಲ. ದೇವರಾಯನದುರ್ಗದ ಒಂದೇ ಗಿರಿಶ್ರೇಣಿಯಲ್ಲಿ ಹುಟ್ಟುವ ಎರಡು ನದಿಗಳಲ್ಲಿ ಶಿಂಷೆಯು ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರಿದರೆ, ಜಯಮಂಗಲಿಯು ಉತ್ತರಾಭಿಮುಖವಾಗಿ ಕೊರಟಗೆರೆ ಮತ್ತು ಮಧುಗಿರಿ ತಾಲ್ಲೂಕುಗಳನ್ನು ಹಾದು ಉತ್ತರ ಪಿನಾಕಿನಿಯಲ್ಲಿ ಲೀನವಾಗುತ್ತದೆ. ಕೊರಟಗೆರೆ ಪಟ್ಟಣವು ಸುವರ್ಣಮುಖಿಯ ದಡದಲ್ಲಿದೆ. ನಂದಿಬೆಟ್ಟಗಳ ಸೀಮೆಯಿಂದ ಹೊರಟು ನೆಲ್ಲೂರಿನತ್ತ ಸಾಗುವ ಉತ್ತರ ಪಿನಾಕಿನಿಯ ದಂಡೆಯಲ್ಲಿ ಪಾವಗಡ ತಾಲ್ಲೂಕಿನ ನಾಗಲಮಡಿಕೆ ಇದೆ. ಕುಕ್ಕೆ ಮತ್ತು ಘಾಟಿ ಕ್ಷೇತ್ರಗಳೊಡನೆ ಸೇರಿಸಿ ಅಂತ್ಯ ಸುಬ್ರಹ್ಮಣ್ಯವೆಂದು ಕರೆಯಲ್ಪಡುವ ಕ್ಷೇತ್ರ ಅದೇ.

ಇಲ್ಲಿ ಒಂದು ಆಕ್ಷೇಪವು ಏಳುವುದು ಸಹಜ. ವರ್ಷದ ಬಹುಪಾಲು ಈ ಹೊಳೆಗಳಲ್ಲಿ ನೀರೇ ಇರುವುದಿಲ್ಲ. ಬರಿಯ ಮರಳಿನ ದಂಡೆಯಲ್ಲಿ ನಡೆಯುವುದರಿಂದ ಏನು ಫಲ ಎಂದು ಕೇಳಬಹುದು. ಒಣಗಿದ ಹೊಳೆಯು ಸತ್ತ ಹೊಳೆಯಲ್ಲವೆಂಬುದೇ ಇದಕ್ಕೆ ಸಮಾಧಾನ. ಮೇಲೆ ಮರಳು ಸುಡುತ್ತಿದ್ದರೂ ಅದರ ಒಡಲಲ್ಲಿ ನೀರು ಮೆಲ್ಲನೆ ಸಾಗುತ್ತಿರುತ್ತದೆ. ಈ ಸೀಮೆಯ ಹಿರಿಯರು ಹೊಳೆಯ ಪಾತ್ರದಲ್ಲಿಯೂ ಕೆರೆಯ ಅಂಗಳದಲ್ಲಿಯೂ ಆಳವಿಲ್ಲದೆ ತೋಡಿ, ತಾನಾಗಿ ಉಕ್ಕುವ ಆ ನೀರನ್ನು ಕಾಲುವೆಗಳ ಮೂಲಕ ಗದ್ದೆ ತೋಟಗಳಿಗೆ ಹರಿಸುತ್ತಿದ್ದರು. ಅದಕ್ಕೆ ‘ತಲಪರಿಗೆ’ ಎಂದು ಹೆಸರು. ಮಳೆ ಕೂಡಿಬಂದ ವರ್ಷ ಅದೇ ಒಣಹೊಳೆಯು ಉಕ್ಕಿ ಹರಿಯುವುದೂ ಉಂಟು. 2022ರ ಮಳೆಗಾಲದಲ್ಲಿ ಜಯಮಂಗಲಿಯು ತುಂಬಿ ಹರಿದುದನ್ನು ಜನರು ಕಣ್ಣಾರೆ ಕಂಡಿದ್ದಾರೆ. ಆದುದರಿಂದ ಹೊಳೆಯ ದಂಡೆಯಲ್ಲಿ ನಡೆಯುವವನು ಬರಡುನೆಲದಲ್ಲಿ ನಡೆಯುತ್ತಿಲ್ಲ, ಮರೆಯಾಗಿ ಹರಿಯುವ ನೀರಿನ ಜೊತೆಯಲ್ಲಿ ನಡೆಯುತ್ತಿದ್ದಾನೆ.

ಊರ ಪಕ್ಕದಲ್ಲಿ ಹೊಳೆಯಿಲ್ಲದೆಡೆ ಕೆರೆಯ ಏರಿಯೇ ಜಲತೀರದ ದಾರಿ. ಶಿರಾ ಪಟ್ಟಣಕ್ಕೆ ಅದರ ದೊಡ್ಡಕೆರೆ ಹಾಗಿದೆ. ಈಗ ಹೇಮಾವತಿಯ ನೀರೂ ಅದಕ್ಕೆ ಹರಿದುಬರುತ್ತದೆ. ಏರಿಯೆಂದರೆ ಬರಿಯ ಮಣ್ಣಿನ ದಿಬ್ಬವಲ್ಲ. ನೀರಿನ ಕಡೆಗೆ ಕಲ್ಲುಹಾಸು, ಹೊರಗಡೆಗೆ ಇಳಿಜಾರು, ನೀರು ಬಿಡುವುದಕ್ಕೆ ತೂಬು, ಹೆಚ್ಚಾದುದು ಹೊರಟುಹೋಗಲು ಕೋಡಿ, ಮೇಲೆ ನಡೆದಾಡಲು ಗಟ್ಟಿಯಾದ ದಾರಿ, ಇವೆಲ್ಲ ಕೂಡಿದ ಶಾಸ್ತ್ರೀಯ ರಚನೆ ಅದು. ಹಿಂದೆ ನೀರುಗಂಟಿಯು ಈ ಏರಿಯ ಮೇಲೆ ನಡೆದು ನೋಡುತ್ತಿದ್ದನು. ಇಲಿ ಏಡಿಗಳು ತೋಡಿದ ಬಿಲ, ಮರದ ಬೇರು ಒಡೆದ ಬಿರುಕು, ಹೊರಮಗ್ಗುಲಲ್ಲಿ ಜಿನುಗುವ ತೇವ ಇವುಗಳನ್ನು ಮೊದಲು ಕಂಡುಹಿಡಿಯುತ್ತಿದ್ದುದು ಅವನ ಕಾಲ್ನಡಿಗೆಯೇ. ಹೀಗೆ ಈ ನಾಡಿನಲ್ಲಿ ನೀರಿನ ದಡದ ನಡಿಗೆಯು ಆರೋಗ್ಯಕ್ಕಿಂತ ಮೊದಲು ನೀರಿನ ರಕ್ಷಣೆಯ ಕಾರ್ಯವಾಗಿತ್ತು.

ಇನ್ನು ದೇಹಕ್ಕಾಗುವ ಪ್ರಯೋಜನವನ್ನು ವಿಚಾರಿಸಬೇಕು. ನಡೆಯುವಾಗ ಮೀನಖಂಡದ ಸ್ನಾಯುಗಳು ಕುಗ್ಗಿ ಹಿಗ್ಗಿ, ಕಾಲುಗಳಲ್ಲಿ ಇಳಿದು ನಿಂತ ರಕ್ತವನ್ನು ಹೃದಯದ ಕಡೆಗೆ ಮೇಲಕ್ಕೆ ಒತ್ತುತ್ತವೆ. ಹೃದಯದ ಕೆಲಸಕ್ಕೆ ಇದರಿಂದ ನೆರವು ದೊರೆಯುತ್ತದೆ. ದುಡಿಯುವ ಸ್ನಾಯುಗಳು ರಕ್ತದಲ್ಲಿರುವ ಸಕ್ಕರೆಯನ್ನು ಹೀರಿಕೊಳ್ಳುವುದರಿಂದ ಮಧುಮೇಹದ ಹತೋಟಿಗೂ ನಡಿಗೆಯು ಸಹಾಯಕ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ನೀಡಿದ ಮಾರ್ಗಸೂಚಿಯಂತೆ ವಯಸ್ಕರು ವಾರಕ್ಕೆ 150ರಿಂದ 300 ನಿಮಿಷಗಳ ಮಧ್ಯಮ ವ್ಯಾಯಾಮವನ್ನೂ, 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷಗಳ ವ್ಯಾಯಾಮವನ್ನೂ ಮಾಡತಕ್ಕದ್ದು. ಗಂಟೆಗೆ 5 ಕಿಲೋಮೀಟರಿನಷ್ಟು ವೇಗದಲ್ಲಿ ದಿನಕ್ಕೆ ಅರ್ಧ ಗಂಟೆಯಂತೆ ವಾರದಲ್ಲಿ ಐದು ದಿನ ನಡೆದರೆ ವಯಸ್ಕರಿಗೆ ಹೇಳಿದ ಕನಿಷ್ಠ ಪ್ರಮಾಣವು ಪೂರೈಸುತ್ತದೆ.

ಎಷ್ಟು ಶ್ರಮಪಡಬೇಕೆಂಬ ಪ್ರಶ್ನೆಗೆ ಆಯುರ್ವೇದದ ಆಚಾರ್ಯರು ಹಿಂದೆಯೇ ಉತ್ತರವಿತ್ತಿದ್ದಾರೆ. ವ್ಯಾಯಾಮವನ್ನು ತನ್ನ ಶಕ್ತಿಯ ಅರ್ಧದಷ್ಟು ಮಾತ್ರ ಮಾಡಬೇಕೆಂಬುದು ಅವರ ಮತ. ಉಸಿರು ಬಾಯಿಂದ ಹೊರಡತೊಡಗಿದಾಗ ಅರ್ಧಶಕ್ತಿಯು ವ್ಯಯವಾಯಿತೆಂದು ತಿಳಿಯಬೇಕೆಂದು ಅವರು ಲಕ್ಷಣವನ್ನೂ ಹೇಳಿದ್ದಾರೆ. ನಡೆಯುವಾಗ ಜೊತೆಗಾರನೊಡನೆ ಮಾತನಾಡಲು ಸಾಧ್ಯವಾಗಬೇಕು, ಆದರೆ ಹಾಡಲು ಆಗದಂತಿರಬೇಕು, ಅದೇ ಮಧ್ಯಮ ಶ್ರಮ ಎಂದು ಈಗಿನ ವೈದ್ಯರು ಹೇಳುತ್ತಾರೆ. ಮಾತು ಬೇರೆಯಾದರೂ ಇಬ್ಬರೂ ಅಳತೆಗೋಲಾಗಿ ಹಿಡಿದುದು ಉಸಿರನ್ನೇ. ಗಡಿಯಾರವಿಲ್ಲದ ಬಡವನಿಗೂ ಈ ಅಳತೆಗೋಲು ದೊರೆಯುತ್ತದೆ.

ನಡಿಗೆಗೂ ಓಟಕ್ಕೂ ಇರುವ ಭೇದವು ಕೇವಲ ವೇಗದ್ದಲ್ಲ. ನಡೆಯುವಾಗ ಒಂದು ಪಾದವಾದರೂ ಸದಾ ನೆಲದ ಮೇಲಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಗೂ ಎರಡು ಪಾದಗಳೂ ಕ್ಷಣಕಾಲ ನೆಲವನ್ನು ಬಿಡುತ್ತವೆ. ಮರಳಿ ಊರುವ ಕಾಲಿನ ಮೇಲೆ ದೇಹಭಾರದ ಎರಡು ಮೂರರಷ್ಟು ಒತ್ತಡ ಬೀಳುತ್ತದೆ. ಆದುದರಿಂದ ಓಟಕ್ಕೆ ನೆಲದ ಆಯ್ಕೆ ಮುಖ್ಯ. ಕಾಲು ಹೂಳುವ ಒಣಮರಳಿನಲ್ಲಿ ಓಡಲು ಗಟ್ಟಿನೆಲಕ್ಕಿಂತ ಸುಮಾರು ಒಂದೂವರೆ ಪಟ್ಟಿಗೂ ಹೆಚ್ಚು ಶಕ್ತಿ ಬೇಕು; ನಡೆಯಲು ಎರಡು ಪಟ್ಟಿಗೂ ಹೆಚ್ಚು ಬೇಕು. ಹೊಳೆಯ ಮರಳು ಸ್ವಲ್ಪಹೊತ್ತಿನ ಆಟಕ್ಕೆ ಒಳ್ಳೆಯದಾದರೂ ನಿತ್ಯದ ಓಟಕ್ಕೆ ದಂಡೆಯ ಅಥವಾ ಏರಿಯ ತುಳಿದ ಮಣ್ಣಿನ ದಾರಿಯೇ ಉತ್ತಮ. ಓಟದ ಸೊಬಗನ್ನು ನೋಡಬೇಕೆನ್ನುವವರು ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲಿಗೆ ಹೋಗಬಹುದು. 2007ರಲ್ಲಿ ಸಂರಕ್ಷಿತ ಪ್ರದೇಶವೆಂದು ಘೋಷಿತವಾದ ಆ ಕೃಷ್ಣಮೃಗಧಾಮಕ್ಕೆ ಜಯಮಂಗಲಿಯ ಹೆಸರನ್ನೇ ಇಟ್ಟಿದ್ದಾರೆ. ಭಾರತದ ಅತಿವೇಗದ ಪ್ರಾಣಿಗಳಲ್ಲಿ ಒಂದಾದ ಕೃಷ್ಣಮೃಗಕ್ಕೂ ಓಡುವುದಕ್ಕೆ ತೆರೆದ ಬಯಲು ಬೇಕು. ಪಟ್ಟಣದ ಮಗುವಿಗೆ ಅಷ್ಟಲ್ಲದಿದ್ದರೂ ವಾಹನಗಳ ಭಯವಿಲ್ಲದ ಒಂದು ದಾರಿಯಾದರೂ ಬೇಡವೇ?

ಹೊಸದಾಗಿ ಆರಂಭಿಸುವವರು ಮೊದಲ ಕೆಲವು ವಾರ ನಡಿಗೆಯನ್ನೇ ಅಭ್ಯಾಸ ಮಾಡಬೇಕು. ಅನಂತರ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ ಎಂಬಂತೆ ಬೆರೆಸಿ ಕ್ರಮವಾಗಿ ಓಟವನ್ನು ಹೆಚ್ಚಿಸಬಹುದು. ಹೃದ್ರೋಗ, ಕೀಲುನೋವು ಮೊದಲಾದ ತೊಂದರೆಯುಳ್ಳವರು ವೈದ್ಯರನ್ನು ಕೇಳಿಯೇ ತೊಡಗತಕ್ಕದ್ದು. ಈ ಸೀಮೆಯಲ್ಲಿ ಮಾರ್ಚಿಯಿಂದ ಮೇವರೆಗಿನ ಬಿಸಿಲು ಪ್ರಖರವಾದುದರಿಂದ ಪ್ರಾತಃಕಾಲವೇ ಪ್ರಶಸ್ತ. ಜಾಲಿಮುಳ್ಳಿನ ದಾರಿಯಲ್ಲಿ ಬರಿಗಾಲು ಸಲ್ಲದು. ಏರಿಯ ಮೇಲೆ ವಾಹನಗಳ ರಸ್ತೆಯಿದ್ದರೆ ಎದುರಿನಿಂದ ಬರುವ ವಾಹನವು ಕಾಣುವಂತೆ ಬಲಮಗ್ಗುಲಲ್ಲಿ ನಡೆಯಬೇಕು. ಮರಳು ತೆಗೆದ ಗುಂಡಿಗಳು ನೀರು ತುಂಬಿದಾಗ ಸಮತಟ್ಟಾಗಿ ತೋರಿ ಮೋಸಗೊಳಿಸುತ್ತವೆ; ಮೇಲ್ಸೀಮೆಯಲ್ಲಿ ಮಳೆಯಾದರೆ ಇಲ್ಲಿ ಹನಿ ಬೀಳದಿದ್ದರೂ ಹೊಳೆ ಬರಬಹುದು. ಮಕ್ಕಳು ಹಿರಿಯರಿಲ್ಲದೆ ಪಾತ್ರಕ್ಕೆ ಇಳಿಯಲೇಬಾರದು.

ಜಲತೀರದ ದಾರಿಗಳನ್ನು ಪಟ್ಟಣಗಳು ಹೇಗೆ ನಿರ್ಮಿಸಿಕೊಂಡಿವೆಯೆಂಬುದಕ್ಕೆ ದೂರದ ನಿದರ್ಶನವೊಂದಿದೆ. ಅಹಮದಾಬಾದಿನ ಸಾಬರಮತೀ ತೀರದಲ್ಲಿ ನದಿಯ ಇಕ್ಕೆಲಗಳಲ್ಲೂ 11 ಕಿಲೋಮೀಟರಿನಷ್ಟು ಉದ್ದದ ಪಥವನ್ನು ಕಟ್ಟಿ 2012ರಿಂದ ಜನರಿಗೆ ತೆರೆದರು. ನಗರದ ನಡುವೆ ಅಲ್ಲಿ ತುಂಬಿ ಕಾಣುವ ನೀರು ನರ್ಮದಾ ನಾಲೆಯಿಂದ ಬಂದುದು. ಶಿರಾದ ಕೆರೆಗೆ ಹೇಮಾವತಿಯು ಬರುವಂತೆ ಅದೂ ಪರನದಿಯ ಉಪಕಾರವೇ. ಆದರೆ ಆ ನಿರ್ಮಾಣಕ್ಕಾಗಿ ದಂಡೆಯ ಮೇಲೆ ಬಾಳುತ್ತಿದ್ದ ಸಾವಿರಾರು ಬಡ ಕುಟುಂಬಗಳು ಸ್ಥಳ ಬಿಡಬೇಕಾಯಿತೆಂಬುದನ್ನೂ ಮರೆಯಲಾಗದು. ಸಮೀಪದಲ್ಲಿ ನೋಡಿದರೆ ತುಮಕೂರಿನ ಅಮಾನಿಕೆರೆಯ ದಾರಿಯಲ್ಲಿ ಜನರು ನಡೆದಾಡುತ್ತಾರೆ. ವಿಹಾರಸ್ಥಳದ ಕಲ್ಪನೆಯು ಶಿರಾಕ್ಕೂ ಹೊಸತಲ್ಲ. 1687ರಿಂದ 1757ರವರೆಗೆ ಮೊಗಲರ ಪ್ರಾಂತ್ಯದ ರಾಜಧಾನಿಯಾಗಿದ್ದ ಆ ಊರಿನ ಖಾನ್‌ಬಾಗ್ ಎಂಬ ಉದ್ಯಾನವೇ ಬೆಂಗಳೂರಿನ ಲಾಲ್‌ಬಾಗಿಗೆ ಮಾದರಿಯಾಯಿತೆಂಬ ಪ್ರತೀತಿಯಿದೆ. ಬೆಳಗಿನ ನಡಿಗೆಗೆ ಇಂದು ಹೆಸರಾದ ತೋಟಕ್ಕೆ ಈ ಬಯಲುಸೀಮೆಯ ಊರು ದಾರಿ ತೋರಿತೆನ್ನುವುದು ಅಭಿಮಾನದ ಸಂಗತಿಯೇ ಸರಿ.

ಸಣ್ಣ ಪಟ್ಟಣಗಳಿಗೆ ಕಾಂಕ್ರೀಟಿನ ಗೋಡೆಗಳು ಬೇಕಾಗಿಲ್ಲ. ಎರಡಾಳು ಸರಾಗವಾಗಿ ಸಾಗುವಷ್ಟು ಅಗಲದ ತುಳಿದ ಮಣ್ಣಿನ ದಾರಿ, ಹೊಳೆಯ ದಂಡೆಗೆ ಹೊಂಗೆ, ಹುಣಿಸೆ, ನೇರಳೆಗಳ ನೆರಳು, ಅಲ್ಲಲ್ಲಿ ಕುಳಿತುಕೊಳ್ಳಲು ಕಲ್ಲುಚಪ್ಪಡಿ, ಇಷ್ಟಿದ್ದರೆ ಸಾಕು. ಆದರೆ ಕೆರೆಯ ಏರಿಯ ಮೇಲೆ ಮಾತ್ರ ದೊಡ್ಡ ಮರಗಳನ್ನು ನೆಡಬಾರದು. ಅವುಗಳ ಬೇರು ಏರಿಯನ್ನೇ ಸೀಳಬಹುದು. ಇಷ್ಟರ ಮೇಲೆ ಬೇಕಾದುದು ದಾರಿಯನ್ನು ಬಳಸುವ ಜನ. ಕಾಲು ಸೋಕದ ದಂಡೆಗೆ ಮೊದಲು ಜಾಲಿ ಬರುತ್ತದೆ, ಆಮೇಲೆ ಕಸದ ರಾಶಿ, ಆಮೇಲೆ ಮರಳಿನ ಗಾಡಿ, ಕೊನೆಗೆ ಒತ್ತುವರಿಯ ಬೇಲಿ. ಮರಳು ಹೋದ ಮೇಲೆ ತಲಪರಿಗೆಯು ಬತ್ತುತ್ತದೆ, ತಲಪರಿಗೆ ಬತ್ತಿದ ಮೇಲೆ ಸುತ್ತಣ ಬಾವಿಗಳೂ ಇಳಿಯುತ್ತವೆ. ನೂರು ಜನರು ನಿತ್ಯವೂ ನಡೆಯುವ ದಂಡೆಯಲ್ಲಿ ಇಂತಹ ಅನ್ಯಾಯವು ಗುಟ್ಟಾಗಿ ನಡೆಯಲಾರದು. ನಡೆದರೂ ಕಂಡವರು ಪಂಚಾಯಿತಿಗೋ ಪುರಸಭೆಗೋ ತಿಳಿಸಲು ಸಾಧ್ಯ. ಒಬ್ಬ ನೀರುಗಂಟಿಯ ಕೆಲಸವನ್ನು ಹೀಗೆ ಊರೇ ಹಂಚಿಕೊಂಡಂತಾಗುತ್ತದೆ.

ಶಾಲೆಯ ಮಕ್ಕಳು ಈ ಕಾರ್ಯಕ್ಕೆ ಎಲ್ಲರಿಗಿಂತ ಯೋಗ್ಯರು. ವಾರಕ್ಕೊಮ್ಮೆ ಉಪಾಧ್ಯಾಯರೊಡನೆ ಊರಿನ ಹೊಳೆಯ ದಂಡೆಯಲ್ಲೋ ಕೆರೆಯ ಏರಿಯ ಮೇಲೋ ಎರಡು ಮೈಲಿ ನಡೆದು, ಕಂಡ ಹಕ್ಕಿ ಯಾವುದು, ನೀರಿನ ಮಟ್ಟವೆಷ್ಟು, ಏರಿಯಲ್ಲಿ ಬಿರುಕುಂಟೋ ಎಂಬುದನ್ನು ಪುಸ್ತಕದಲ್ಲಿ ಬರೆದಿಟ್ಟರೆ, ಹತ್ತು ವರ್ಷಗಳಲ್ಲಿ ಅದು ಊರಿನ ನೀರಿನ ಚರಿತ್ರೆಯೇ ಆದೀತು. ಶರಣರು ಬೋಧಿಸಿದ ಕಾಯಕವು ಮೈಯ ಶ್ರಮವನ್ನೂ ಲೋಕದ ಹಿತವನ್ನೂ ಒಂದಾಗಿಸಿದುದು. ಜಯಮಂಗಲಿ, ಸುವರ್ಣಮುಖಿ, ಉತ್ತರ ಪಿನಾಕಿನಿಗಳ ದಂಡೆಗಳಲ್ಲಿ ಕಿರಿಯರ ಹೆಜ್ಜೆಗಳು ತಪ್ಪದೆ ಮೂಡಿ, ಅವರ ಮೈಗೆ ಬಲವೂ ಈ ನೀರಿಗೆ ಕಾವಲೂ ದೊರೆಯಲಿ.