ಚಳಿಯಿಲ್ಲದ ಊರಿಗೆ ಆಳದ ಎರಿ ಬೇಕೆ?

ಸಿಂಗಪುರದ ಜುರಾಂಗ್ ವೆಸ್ಟ್ ಭೂಮಧ್ಯರೇಖೆಯಿಂದ ಸುಮಾರು 150 ಕಿ.ಮೀ. ದೂರದಲ್ಲಿದೆ. ವರ್ಷವಿಡೀ ಸೆಕೆ, ಯಾವ ತಿಂಗಳಲ್ಲಾದರೂ ಮಳೆ. ನಮ್ಮ ಮಲೆನಾಡಿನ ಪೊಟರೆಗಳಲ್ಲಿ ಗೂಡು ಕಟ್ಟುವ ತುಡುವೆ ಜೇನಿನ ಪ್ರಭೇದವೇ ಆ ದ್ವೀಪದಲ್ಲೂ ಇದೆ. ಅಂಥ ಕಡೆ ಜೇನು ಸಾಕಲು ಹೊರಟವರನ್ನು ಇತ್ತೀಚೆಗೆ ಯುರೋಪಿನ ಒಂದು ಪೆಟ್ಟಿಗೆ ಸೆಳೆಯುತ್ತಿದೆ: ಪೆಟಾರಿಯಂತೆ ಉದ್ದಕ್ಕೆ ಮಲಗಿದ್ದು, ಒಳಗೆ ಆಳವಾದ ಚೌಕಟ್ಟುಗಳು.

ಫ್ರಾನ್ಸಿನ ಸಸ್ಯವಿಜ್ಞಾನಿ ಜಾರ್ಜ್ ದ ಲಾಯೆನ್ಸ್ ಇಂಥದ್ದನ್ನು 19ನೇ ಶತಮಾನದಲ್ಲೇ ರೂಪಿಸಿದರು. ಎಲ್ಲೆಡೆ ಬಳಕೆಯಲ್ಲಿರುವ ಲ್ಯಾಂಗ್‌ಸ್ಟ್ರಾತ್ ಚೌಕಟ್ಟಿನ ಎತ್ತರ 23 ಸೆಂ.ಮೀ. ಆಸುಪಾಸು, ಲಾಯೆನ್ಸ್ ಚೌಕಟ್ಟಿನದು 37ರ ಹತ್ತಿರ. ರಷ್ಯಾದ ಫ್ಯೋದರ್ ಲಾಜುತಿನ್ ಇನ್ನೂ ಆಳಕ್ಕೆ ಇಳಿದರು.

ಇಷ್ಟು ಆಳ ಏಕೆಂಬುದಕ್ಕೆ ಉತ್ತರ ಹಿಮದಲ್ಲಿದೆ. ಚಳಿ ಬಿದ್ದಾಗ ಯುರೋಪಿನ ಜೇನ್ನೊಣಗಳು ಒತ್ತಾಗಿ ಗುಂಪುಗೂಡಿ, ರೆಕ್ಕೆ ಬಡಿಯದೆಯೇ ಹಾರಾಟದ ಸ್ನಾಯುಗಳನ್ನು ಕಂಪಿಸಿ ಶಾಖ ಹುಟ್ಟಿಸುತ್ತವೆ. ತಿಂಗಳುಗಟ್ಟಲೆ ಜೇನು ತಿನ್ನುತ್ತ ಆ ಗುಂಪು ನಿಧಾನವಾಗಿ ಮೇಲಕ್ಕೇರುತ್ತದೆ. ಕೊರೆಯುವ ಚಳಿಯಲ್ಲಿ ಗುಂಪು ಬಿಟ್ಟು ಪಕ್ಕದ ಎರಿಗೆ ಹೋಗಲಾಗದೆ, ಹತ್ತಿರದಲ್ಲೇ ಜೇನಿದ್ದರೂ ಹಸಿದು ಸತ್ತ ಕುಟುಂಬಗಳುಂಟು. ಎರಿ ಎತ್ತರವಾಗಿದ್ದರೆ ಕೆಳಗೆ ಗುಂಪು, ತಲೆಯ ಮೇಲೆ ತಡೆಯಿಲ್ಲದ ಉಗ್ರಾಣ.

ಜುರಾಂಗ್ ವೆಸ್ಟ್‌ನಲ್ಲಾಗಲೀ ಕೊಡಗಿನಲ್ಲಾಗಲೀ ಈ ಕಷ್ಟವೇ ಇಲ್ಲ. ಅಲ್ಲಿನ ಕೆಲಸ ಗೂಡನ್ನು ತಂಪಾಗಿಡುವುದು. ಮರಿಗಳಿಗೆ ಬೇಕಾದದ್ದು ಸುಮಾರು 35 ಡಿಗ್ರಿ; ಮೀರಿದರೆ ನೊಣಗಳು ನೀರು ತಂದು ಹರಡಿ ಗಾಳಿ ಬೀಸುತ್ತವೆ. ಇದರಲ್ಲೂ ತುಡುವೆಯ ರೀತಿ ಬೇರೆ. ಯುರೋಪಿನ ನೊಣ ಬಾಗಿಲಿಗೆ ಮುಖಮಾಡಿ ಒಳಗಿನ ಗಾಳಿಯನ್ನು ಹೊರಗೆಳೆದರೆ, ತುಡುವೆ ಮುಖ ಹೊರಗಿಟ್ಟು ಗಾಳಿಯನ್ನು ಒಳಕ್ಕೆ ನೂಕುತ್ತದೆ. ಇನ್ನು ಮೇಣ: ಅದು ಕರಗುವುದು 62 ಡಿಗ್ರಿ ದಾಟಿದ ಮೇಲಾದರೂ ಬಹಳ ಮೊದಲೇ ಮೆತ್ತಗಾಗುತ್ತದೆ. ಜೇನು ತುಂಬಿದ ಆಳದ ಹೊಸ ಎರಿ ತಂತಿಯ ಆಸರೆಯಿಲ್ಲದೆ ಸೆಕೆಯಲ್ಲಿ ಕಳಚಿ ಬೀಳಬಹುದು.

ತುಡುವೆಯ ಕುಟುಂಬವೂ ಚಿಕ್ಕದು. ಕಳೆದ ಶತಮಾನದ ಆರಂಭದಲ್ಲಿ ದಕ್ಷಿಣ ಭಾರತದಲ್ಲಿ ಪಾದ್ರಿ ನ್ಯೂಟನ್ ಮಾಡಿದ ಪೆಟ್ಟಿಗೆಯ ಸಂಸಾರ ಕೋಣೆಯ ಚೌಕಟ್ಟು ಬರೀ 14–15 ಸೆಂ.ಮೀ. ಎತ್ತರದ್ದು. ನಮ್ಮ ಕೃಷಿಕರ ತೋಟಗಳಲ್ಲಿ ಅದು ಇಂದಿಗೂ ಉಳಿದಿರುವುದಕ್ಕೆ ನೊಣಕ್ಕೆ ಹೊಂದುವ ಈ ಅಳತೆಯೇ ಮುಖ್ಯ ಕಾರಣವೆಂದು ನನ್ನ ನಂಬಿಕೆ. ಕುಟುಂಬ ಕಾಯಲಾರದಷ್ಟು ಎರಿ ಖಾಲಿ ಬಿದ್ದರೆ ಮೇಣದ ಪತಂಗ ಮೊಟ್ಟೆಯಿಡುತ್ತದೆ. ಕಾಟ ಹೆಚ್ಚಾದರೆ ತುಡುವೆ ಇಡೀ ಗೂಡು ತೊರೆದು ಹೋಗುತ್ತದೆ.

ಆದರೆ ಮಲಗಿದ ಪೆಟ್ಟಿಗೆಯನ್ನೇ ತಳ್ಳಿಹಾಕಬೇಕಿಲ್ಲ. ಜೇನು ತುಂಬಿದ ಕೋಣೆಯನ್ನು ಎತ್ತಿಳಿಸುವ ಭಾರ ಅದರಲ್ಲಿಲ್ಲ, ವಯಸ್ಸಾದವರೂ ಒಂದೊಂದೇ ಚೌಕಟ್ಟು ತೆಗೆದು ನೋಡಬಹುದು. ತೆರೆದಷ್ಟೇ ಭಾಗದ ನೊಣಗಳಿಗೆ ತೊಂದರೆ, ಉಳಿದವು ತಮ್ಮ ಪಾಡಿಗೆ ಇರುತ್ತವೆ. ಬೆದರಿದರೆ ಓಡುವ ತುಡುವೆಗೆ ಇದು ದೊಡ್ಡ ಅನುಕೂಲ. ಹಾಗಾಗಿ ಉದ್ದವನ್ನು ಇಟ್ಟುಕೊಂಡು ಆಳವನ್ನು ಬಿಡಬೇಕು. ನ್ಯೂಟನ್ ಅಳತೆಯ ಚೌಕಟ್ಟುಗಳನ್ನೇ ಉದ್ದಕ್ಕೆ ಜೋಡಿಸಿ, ಬಾಗಿಲ ಬದಿಗೆ ಸಂಸಾರ, ಆಚೆ ತುದಿಗೆ ಜೇನು ಬರುವಂತೆ ಮಾಡಬೇಕು. ನಡುವೆ ಸರಿಸಬಲ್ಲ ಅಡ್ಡಹಲಗೆಯೊಂದಿದ್ದು, ಕುಟುಂಬ ಬೆಳೆದಷ್ಟೇ ಜಾಗ ಬಿಡುತ್ತ ಹೋಗಬೇಕು.