ವಯಸ್ಸಾದವರ ಕಾರು, ವಿಮೆಯ ಖರ್ಚು



ಅರವತ್ತು ದಾಟಿದವರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ದರ ಕಡಿಮೆ. ಬ್ಯಾಂಕಿನ ಠೇವಣಿಗೆ ಬಡ್ಡಿ ತುಸು ಹೆಚ್ಚು. ಹಾಗಾದರೆ ಕಾರಿನ ವಿಮೆಯಲ್ಲಿಯೂ ಹಿರಿಯರಿಗೆ ರಿಯಾಯಿತಿ ಇರಬೇಕಲ್ಲವೇ ಎಂದು ಅನೇಕರು ಕೇಳುವುದುಂಟು. ಅಮೆರಿಕದಲ್ಲಿ ಮಕ್ಕಳಿರುವವರು ಅಲ್ಲಿಯ ಸುದ್ದಿಯನ್ನೂ ಹೇಳುತ್ತಾರೆ. ಅದು ಸುಳ್ಳಲ್ಲ. ಅಲ್ಲಿಯ ಫ್ಲಾರಿಡ ರಾಜ್ಯದಲ್ಲಿ 55 ವರ್ಷ ದಾಟಿದವರು ಒಪ್ಪಿಗೆ ಪಡೆದ ಚಾಲನಾ ತರಬೇತಿಯನ್ನು ಮುಗಿಸಿದರೆ ಪ್ರೀಮಿಯಂ ಕಡಿಮೆ ಮಾಡಬೇಕೆಂದು ಕಾನೂನೇ ಇದೆ. ನಮ್ಮ ದೇಶದಲ್ಲಿ ಅಂಥ ಕಾನೂನಿಲ್ಲ. ಇಲ್ಲಿ ತಲೆ ನರೆತುದಕ್ಕೆ ರಿಯಾಯಿತಿಯಿಲ್ಲ. ಜೋಪಾನವಾಗಿ ಓಡಿಸಿದ ವರ್ಷಗಳಿಗೆ ಉಂಟು.

ಇದನ್ನು ತಿಳಿಯಬೇಕಾದರೆ ತಮ್ಮ ಪಾಲಿಸಿಯ ಕಾಗದವನ್ನು ಬಿಚ್ಚಿ ನೋಡಿರಿ. ಅದರಲ್ಲಿ ಪ್ರೀಮಿಯಂ ಎರಡು ಭಾಗವಾಗಿರುತ್ತದೆ. ಮೊದಲನೆಯದು ಥರ್ಡ್ ಪಾರ್ಟಿ. ನಮ್ಮ ಗಾಡಿಯಿಂದ ಬೇರೆಯವರಿಗೆ ಸಾವು ನೋವು ಸಂಭವಿಸಿದರೆ ಪರಿಹಾರ ಕೊಡುವ ಭಾಗ ಇದು. 1988ರ ಮೋಟಾರು ವಾಹನ ಕಾಯಿದೆಯಂತೆ ಇದು ಕಡ್ಡಾಯ. ಇದರ ದರವನ್ನು ಸರ್ಕಾರ ಗೊತ್ತುಮಾಡುತ್ತದೆ. 2022ರ ಜೂನ್ 1ರಂದು ಜಾರಿಗೆ ಬಂದ ದರಪಟ್ಟಿಯಲ್ಲಿ 1000 ಸಿ.ಸಿ. ಮೀರದ ಖಾಸಗಿ ಕಾರಿಗೆ ವರ್ಷಕ್ಕೆ 2,094 ರೂ., ಅದಕ್ಕೆ ಮೇಲ್ಪಟ್ಟು 1500 ಸಿ.ಸಿ.ವರೆಗಿನ ಕಾರಿಗೆ 3,416 ರೂ. ಎಂದಿತ್ತು; ತೆರಿಗೆ ಬೇರೆ. ಇಪ್ಪತ್ತರ ಹುಡುಗನಿಗೂ ಎಪ್ಪತ್ತರ ಅಜ್ಜನಿಗೂ ಇದು ಒಂದೇ. ಇದರಲ್ಲಿ ಚೌಕಾಸಿಗೆ ಎಡೆಯಿಲ್ಲ.

ಎರಡನೆಯದು ನಮ್ಮ ಕಾರಿಗೇ ಆಗುವ ನಷ್ಟದ ಭಾಗ. ಇದರ ದರ ಕಂಪನಿಯಿಂದ ಕಂಪನಿಗೆ ಬೇರೆ. ಉಳಿತಾಯವೆಲ್ಲ ಇಲ್ಲಿಯೇ. ಒಂದು ವರ್ಷ ಪರಿಹಾರ ಕೇಳದೆ ಇದ್ದರೆ ಮರುವರ್ಷ ಈ ಭಾಗದಲ್ಲಿ ನೂರಕ್ಕೆ 20 ಕಡಿಮೆಯಾಗುತ್ತದೆ. ಹೀಗೆಯೇ ಮುಂದುವರಿದರೆ 25, 35, 45, ಐದು ವರ್ಷಕ್ಕೆ 50. ಇದೇ ನೋ ಕ್ಲೇಮ್ ಬೋನಸ್. ನಿಧಾನವಾಗಿ ಓಡಿಸುವ ಹಿರಿಯರು ಸಾಮಾನ್ಯವಾಗಿ ಈ ಅರ್ಧದ ಮಟ್ಟವನ್ನು ಮುಟ್ಟಿರುತ್ತಾರೆ. ಆದರೆ ಇದನ್ನು ಕಳೆದುಕೊಳ್ಳುವುದು ಬಹಳ ಸುಲಭ.

ಹೇಗೆಂದರೆ, ತಮ್ಮ ಈ ಭಾಗದ ಪ್ರೀಮಿಯಂ 6,000 ರೂ. ಎಂದಿಟ್ಟುಕೊಳ್ಳಿರಿ. ಅರ್ಧ ಬೋನಸ್ ಇರುವುದರಿಂದ ತಾವು ಕೊಡುವುದು 3,000 ರೂ. ಸಂತೆಯಲ್ಲಿ ಕಾರು ಹಿಂದಕ್ಕೆ ತೆಗೆಯುವಾಗ ಕಂಬಕ್ಕೆ ತಗುಲಿ ಬಂಪರ್ ಒಡೆಯಿತು. ರಿಪೇರಿ 5,000 ರೂ.: ಪ್ಲಾಸ್ಟಿಕ್ ಸಾಮಾನಿಗೆ 3,500, ಕೂಲಿ 1,500. ಕಂಪನಿಯು ಪ್ಲಾಸ್ಟಿಕ್ ಸಾಮಾನಿನ ಬೆಲೆಯಲ್ಲಿ ಅರ್ಧವನ್ನು ಸವಕಳಿಯೆಂದು ಕಳೆಯುತ್ತದೆ, 1500 ಸಿ.ಸಿ.ವರೆಗಿನ ಕಾರಾದರೆ ಮತ್ತೆ 1,000 ರೂ. ಹಿಡಿಯುತ್ತದೆ. ಕೈಗೆ ಬರುವುದು 2,250 ರೂ. ಇನ್ನು ಬೋನಸ್ಸು ಸೊನ್ನೆಗೆ ಇಳಿಯುತ್ತದೆ. ಮುಂದಿನ ಐದು ವರ್ಷ 6,000, 4,800, 4,500, 3,900, 3,300, ಒಟ್ಟು 22,500 ರೂ. ಕೊಡಬೇಕು. ಸುಮ್ಮನಿದ್ದಿದ್ದರೆ 15,000 ಸಾಕಿತ್ತು. 2,250ಕ್ಕೆ ಆಸೆಪಟ್ಟು 7,500 ಕಳೆದುಕೊಂಡಂತಾಯಿತು! ಸಣ್ಣ ರಿಪೇರಿಯನ್ನು ಕೈಯಿಂದಲೇ ಮಾಡಿಸುವುದು ಲೇಸು. ದೊಡ್ಡ ನಷ್ಟವಾದರೆ ಸಂಕೋಚವಿಲ್ಲದೆ ಕೇಳಿರಿ. ವಿಮೆ ಇರುವುದೇ ಅದಕ್ಕೆ.

ಈ ಬೋನಸ್ಸು ಕಾರಿನದಲ್ಲ, ಮಾಲೀಕನದು. ಹಳೆಯ ಕಾರು ಮಾರಿ ಹೊಸದು ಕೊಳ್ಳುವಾಗ ಕಂಪನಿಯಿಂದ ಪತ್ರ ಪಡೆದರೆ ಹೊಸ ಕಾರಿಗೂ ನಡೆಯುತ್ತದೆ. ಪಾಲಿಸಿ ಮುಗಿದು 90 ದಿನ ಕಳೆದರೆ ಮಾತ್ರ ಬೋನಸ್ಸಿನ ಆಸೆ ಬಿಡಬೇಕು. ಸುಗ್ಗಿಯ ಗಡಿಬಿಡಿಯಲ್ಲಿ ಮರೆತು ಹೋಯಿತೆಂದರೆ ಯಾರೂ ಕೇಳರು.

ತಿಂಗಳಿಗೆ ನಾಲ್ಕು ಸಲ ಆಸ್ಪತ್ರೆಗೋ ಮದುವೆಗೋ ಮಾತ್ರ ಕಾರು ತೆಗೆಯುವವರು ಇನ್ನೊಂದನ್ನು ವಿಚಾರಿಸಬಹುದು. ಓಡಿಸಿದ ಕಿಲೋಮೀಟರಿಗೆ ತಕ್ಕಂತೆ ಪ್ರೀಮಿಯಂ ಪಡೆಯುವ ಪಾಲಿಸಿಗಳಿಗೆ 2022ರಲ್ಲಿ ವಿಮಾ ನಿಯಂತ್ರಣ ಪ್ರಾಧಿಕಾರವು ಒಪ್ಪಿಗೆ ಕೊಟ್ಟಿದೆ. ಮಾಲೀಕ ಚಾಲಕರ 15 ಲಕ್ಷ ರೂ. ಅಪಘಾತ ವಿಮೆಯನ್ನೂ ಗಮನಿಸಿರಿ. ಮನೆಯಲ್ಲಿ ಕಾರು, ಸ್ಕೂಟರು ಎರಡೂ ಒಬ್ಬರ ಹೆಸರಿನಲ್ಲಿದ್ದರೆ ಇದಕ್ಕೆ ಎರಡು ಸಲ ಹಣ ಕೊಡಬೇಕಾಗಿಲ್ಲ. ಏಜೆಂಟರು ತಾವಾಗಿ ಇದನ್ನು ಹೇಳುವುದು ಅಪರೂಪ.

ಇಷ್ಟೆಲ್ಲ ಉಳಿಸಿಯೂ ಒಂದೇ ಕಾಗದದಿಂದ ಮನೆ ಮುಳುಗಬಹುದು. ಅದು ಡ್ರೈವಿಂಗ್ ಲೈಸೆನ್ಸು. ವಯಸ್ಸಿನ ಲೆಕ್ಕ ನಿಜವಾಗಿ ಬರುವುದು ಇಲ್ಲಿ. 50ರಿಂದ 55ರ ಒಳಗೆ ಮಾಡಿಸಿದ ಲೈಸೆನ್ಸು 60 ತುಂಬುವವರೆಗೆ ಮಾತ್ರ. 55 ದಾಟಿದ ಮೇಲೆ ಪ್ರತಿ ಸಲಕ್ಕೂ ಐದೇ ವರ್ಷ. ನಲವತ್ತು ದಾಟಿದವರು ವೈದ್ಯರ ಪ್ರಮಾಣಪತ್ರವನ್ನೂ ಕೊಡಬೇಕು. ಕಣ್ಣಿಗೆ ಪೊರೆ ಬಂದಿದ್ದರೆ ಅದು ಆಗಲೇ ಗೊತ್ತಾಗುವುದು ಒಳ್ಳೆಯದೇ. ಮೊದಲು ಅವಧಿ ಮುಗಿದ ಮೇಲೆಯೂ 30 ದಿನ ಲೈಸೆನ್ಸು ನಡೆಯುತ್ತಿತ್ತು. 2019ರ ತಿದ್ದುಪಡಿಯಲ್ಲಿ ಆ ಸವಲತ್ತನ್ನು ತೆಗೆದುಹಾಕಲಾಗಿದೆ.

ಲೈಸೆನ್ಸು ಮುಗಿದಿರುವಾಗ ಅಪಘಾತವಾದರೆ ತಮ್ಮ ಕಾರಿನ ನಷ್ಟವನ್ನು ಕಂಪನಿ ಕೊಡಲು ನಿರಾಕರಿಸಬಹುದು. ಅದು ಹೋಗಲಿ ಎನ್ನೋಣ. ದಾರಿಯಲ್ಲಿ ಯಾರಿಗಾದರೂ ಪ್ರಾಣಾಪಾಯವಾದರೆ, ಕಂಪನಿಯು ಮೊದಲು ಆ ಸಂಸಾರಕ್ಕೆ ಪರಿಹಾರ ಕೊಟ್ಟು, ಆಮೇಲೆ ಆ ಹಣವನ್ನು ಮಾಲೀಕನಿಂದ ವಸೂಲು ಮಾಡುವಂತೆ ನ್ಯಾಯಾಲಯ ಆಜ್ಞೆ ಮಾಡಬಹುದು. ಸ್ವರಣ್ ಸಿಂಗ್ ಮೊಕದ್ದಮೆಯಲ್ಲಿ 2004ರಲ್ಲಿ ಸುಪ್ರೀಂ ಕೋರ್ಟು ಈ ಕ್ರಮವನ್ನು ವಿವರಿಸಿದೆ. ಅಂಥ ಪರಿಹಾರ ಲಕ್ಷಗಟ್ಟಲೆಯಾಗುತ್ತದೆ. ಅದನ್ನು ತೀರಿಸಲು ರೈತನ ಬಳಿ ಇರುವುದು ಹೊಲವೊಂದೇ ಅಲ್ಲವೇ?

ಲೈಸೆನ್ಸಿನ ಅವಧಿ ಮುಗಿಯುವ ಒಂದು ವರ್ಷ ಮೊದಲೇ ಆರ್.ಟಿ.ಓ. ಕಚೇರಿಗೆ ಅರ್ಜಿ ಹಾಕಬಹುದು. ಮುಗಿದು ಒಂದು ವರ್ಷ ದಾಟಿತೋ, ಮತ್ತೆ ಪರೀಕ್ಷೆಗೆ ಗಾಡಿ ಓಡಿಸಿ ತೋರಿಸಬೇಕು. ಈ ಸಂಚಿಕೆಯನ್ನು ಕೆಳಗಿಡುವ ಮುನ್ನ ಲೈಸೆನ್ಸು, ಪಾಲಿಸಿ ಎರಡನ್ನೂ ಪೆಟ್ಟಿಗೆಯಿಂದ ತೆಗೆದು ತಾರೀಖು ನೋಡಿರಿ. ಅಕ್ಷರ ಸಣ್ಣದೆನಿಸಿದರೆ ಶಾಲೆಗೆ ಹೋಗುವ ಮೊಮ್ಮಕ್ಕಳಿಂದ ಓದಿಸಿ, ಎರಡು ತಾರೀಖುಗಳನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿಸಿರಿ.