ಶೇ. 90: ಯಾವುದರಲ್ಲಿ, ಯಾವಾಗ?

ಓದಿದ್ದರಲ್ಲಿ ಶೇ. 10, ಕೇಳಿದ್ದರಲ್ಲಿ ಶೇ. 20, ನೋಡಿದ್ದರಲ್ಲಿ ಶೇ. 30, ಸ್ವತಃ ಮಾಡಿದ್ದರಲ್ಲಿ ಶೇ. 90 ನೆನಪಿನಲ್ಲಿ ಉಳಿಯುತ್ತದೆ ಎಂಬ ಮಾತನ್ನು ನಾವೆಲ್ಲ ಎಲ್ಲೋ ಕೇಳಿದ್ದೇವೆ. ಅದರ ಜೊತೆ ಅಮೆರಿಕದ ಶಿಕ್ಷಣ ತಜ್ಞ ಎಡ್ಗರ್ ಡೇಲ್ ಅವರ ಹೆಸರೂ ಬರುವುದುಂಟು.

ಡೇಲ್ 1946ರಲ್ಲಿ ‘ಅನುಭವದ ಶಂಕು’ ಎಂಬ ಚಿತ್ರ ಕೊಟ್ಟದ್ದು ನಿಜ. ನೇರ ಅನುಭವ ಅದರ ಬುಡದಲ್ಲಿ, ಮಾತು ಮತ್ತು ಅಕ್ಷರ ತುದಿಯಲ್ಲಿ. ಕಲಿಕೆಯ ಅನುಭವಗಳನ್ನು ಮೂರ್ತದಿಂದ ಅಮೂರ್ತದವರೆಗೆ ಜೋಡಿಸುವುದಷ್ಟೇ ಅದರ ಉದ್ದೇಶ. ಅದರಲ್ಲಿ ಶೇಕಡಾವಾರು ಅಂಕಿ ಒಂದೂ ಇರಲಿಲ್ಲ. ಅವನ್ನು ಸೇರಿಸಿದವರು ಬೇರೆಯವರು.

ಮೂಲ ಗೊತ್ತಿಲ್ಲದಿದ್ದರೂ ಆ ವಾಕ್ಯವನ್ನು ನಿಧಾನವಾಗಿ ಓದಿದರೆ ಅನುಮಾನ ಬರಬೇಕು. ಎಷ್ಟು ದಿನಗಳ ನಂತರ ಶೇ. 90? ಯಾವ ಪಾಠ? ಯಾರನ್ನು ಪರೀಕ್ಷಿಸಿದರು? ‘ನೆನಪು’ ಎಂದರೆ ನೋಡದೆ ಬರೆಯುವುದೋ, ಕಂಡಾಗ ಗುರುತು ಹಿಡಿಯುವುದೋ? ಯಾವುದಕ್ಕೂ ಉತ್ತರವಿಲ್ಲ.

“ನಾನು ನೋಡಿ ಕಲಿಯುವವನು, ಓದಿದರೆ ತಲೆಗೆ ಹತ್ತುವುದಿಲ್ಲ” ಎಂಬುದೂ ಇಂಥದೇ ಮಾತು. ಹೆರಾಲ್ಡ್ ಪ್ಯಾಶ್ಲರ್ ಮತ್ತು ಇತರ ಮೂವರು ಮನಶ್ಶಾಸ್ತ್ರಜ್ಞರು ಈ ಬಗೆಗಿನ ಸಂಶೋಧನೆಗಳನ್ನು 2008ರಲ್ಲಿ ಪರಿಶೀಲಿಸಿದರು. ಒಬ್ಬೊಬ್ಬರ ‘ಕಲಿಕಾ ಶೈಲಿ’ಗೆ ತಕ್ಕಂತೆ ಪಾಠ ಮಾಡಿದರೆ ಹೆಚ್ಚು ಕಲಿಯುತ್ತಾರೆ ಎನ್ನಲು ಸಾಕಷ್ಟು ಆಧಾರ ಸಿಗಲಿಲ್ಲ. ಇಲ್ಲಿ ಇಷ್ಟಪಡುವುದು ಮತ್ತು ಕಲಿಯುವುದು ಎರಡನ್ನೂ ಒಂದೇ ಮಾಡಿಬಿಟ್ಟಿದ್ದೇವೆ. ವಿಡಿಯೋ ನೋಡುವುದು ಹಿತವಾಗಿರಬಹುದು. ಆದರೆ ಪರೀಕ್ಷಾ ಕೊಠಡಿಯಲ್ಲಿ ಭೌತಶಾಸ್ತ್ರದ ಲೆಕ್ಕವನ್ನು ಬಿಡಿಸಬೇಕಾದದ್ದು ನಮ್ಮದೇ ಕೈ. ಈ ಹಣೆಪಟ್ಟಿ ನಂಬಿ ಪಠ್ಯಪುಸ್ತಕವನ್ನು ಮುಚ್ಚಿಟ್ಟ ವಿದ್ಯಾರ್ಥಿಗೆ ನಷ್ಟ ಸಣ್ಣದಲ್ಲ.

ಹಾಗಾದರೆ ನಂಬಬಹುದಾದ ಅಂಕಿ ಹೇಗಿರುತ್ತದೆ? ರೋಡಿಗರ್ ಮತ್ತು ಕಾರ್ಪಿಕೆ 2006ರಲ್ಲಿ ಪ್ರಕಟಿಸಿದ ಪ್ರಯೋಗವೊಂದನ್ನು ನೋಡಿ. ಕಾಲೇಜು ವಿದ್ಯಾರ್ಥಿಗಳು ಚಿಕ್ಕ ಗದ್ಯಭಾಗಗಳನ್ನು ಓದಿದರು. ಆಮೇಲೆ ಒಂದು ಭಾಗವನ್ನು ಮತ್ತೆ ಓದಿದರು, ಇನ್ನೊಂದನ್ನು ನೋಡದೆ ನೆನಪಿನಿಂದ ಬರೆದರು. ಐದು ನಿಮಿಷದ ನಂತರ ಪರೀಕ್ಷಿಸಿದಾಗ ಮತ್ತೆ ಓದಿದ ಭಾಗವೇ ಹೆಚ್ಚು ನೆನಪಿತ್ತು. ಒಂದು ವಾರದ ನಂತರ ಪರೀಕ್ಷಿಸಿದವರಲ್ಲಿ ಫಲ ತಿರುಗಿತ್ತು: ಮತ್ತೆ ಓದಿದ್ದರಲ್ಲಿ ಶೇ. 42, ನೋಡದೆ ಬರೆದಿದ್ದರಲ್ಲಿ ಶೇ. 56. ಯಾರು, ಏನನ್ನು, ಎಷ್ಟು ದಿನದ ನಂತರ ಎಂಬ ಪ್ರಶ್ನೆಗಳಿಗೆಲ್ಲ ಇಲ್ಲಿ ಉತ್ತರವಿದೆ. ಶೇ. 90ರ ಬೆರಗು ಇಲ್ಲಿಲ್ಲ, ಆದರೆ ಕೆಲಸಕ್ಕೆ ಬರುತ್ತದೆ.

ನಮ್ಮ ಹಿರಿಯರು ಇದಕ್ಕೆ ‘ಪಾಠ ಒಪ್ಪಿಸುವುದು’ ಎನ್ನುತ್ತಿದ್ದರು. ಇಂದು ಸಂಜೆ ಒಂದು ಅಧ್ಯಾಯ ಓದಿ, ಪುಸ್ತಕ ಮುಚ್ಚಿ, ನೆನಪಿದ್ದಷ್ಟನ್ನು ಬರೆಯಿರಿ. ಬಿಟ್ಟುಹೋದದ್ದು ಯಾವುದೆಂದು ಪುಸ್ತಕ ತೆರೆದು ನೋಡಿ. ಮುಂದಿನ ಸಲ ಯಾರಾದರೂ ಕಲಿಕೆಯ ಬಗ್ಗೆ ಶೇಕಡಾ ಲೆಕ್ಕ ಹೇಳಿದರೆ, “ಯಾವುದರಲ್ಲಿ, ಎಷ್ಟು ದಿನದ ನಂತರ?” ಎಂದು ವಿನಯದಿಂದಲೇ ಕೇಳಿ.